ಬೇಲೂರು, ಹಳೇಬೀಡು: ಒಂದೇ ಕಲ್ಲಿಗೆ ಎಷ್ಟು ಅರ್ಥ

ಕೆಲವು ವರ್ಷಗಳ ಹಿಂದೆ ಹಾಸನದ ಒಂದು ಶಾಲೆಯಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ‘ನಮ್ಮ ಜಿಲ್ಲೆಯ ಸ್ಮಾರಕ’ ಎಂಬುದು ವಿಷಯ. ತರೀಕೆರೆ ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿ ಇದ್ದುಕೊಂಡು ಓದುತ್ತಿದ್ದ ಹುಡುಗಿಯೊಬ್ಬಳು ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಬರೆದಿದ್ದಳು. ಜಗತಿಯ ಮೂಲೆಗಳನ್ನು ಎಣಿಸಿಕೊಂಡು ಬರೆದಂತಿತ್ತು, ಕಂಬದ ಬಳೆಗಳೂ ಸರಿಯಾಗಿದ್ದವು. ಆದರೆ ಗರ್ಭಗುಡಿಯ ಮೇಲೆ ಎತ್ತರವಾದ ಶಿಖರವೊಂದನ್ನು ಕೂಡಿಸಿದ್ದಳು. ಜೊತೆಯಲ್ಲಿದ್ದ ತೀರ್ಪುಗಾರರು ‘ಬೇಲೂರಿಗೆ ಶಿಖರವೇ ಇಲ್ಲವಲ್ಲ’ ಎಂದು ಅಂಕ ಕಡಿಮೆ ಮಾಡಿದರು, ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹುಡುಗಿ ಊರಿನ ಪಕ್ಕದ ಅಮೃತಾಪುರವನ್ನು ನೋಡಿದ್ದಳು. 1196ರಲ್ಲಿ ಹೊಯ್ಸಳ ಅರಸ ಎರಡನೆಯ ಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಆ ಗುಡಿಗೆ ಕಲ್ಲಿನ ಶಿಖರ ಇಂದಿಗೂ ಉಳಿದಿದೆ. ಅಲ್ಲಿದ್ದದ್ದು ಬೇಲೂರಿನಲ್ಲೂ ಇರಲೇಬೇಕು ಎಂದುಕೊಂಡು ಅವಳು ಬರೆದಿದ್ದಳು, ಮತ್ತು ಅವಳ ಊಹೆ ಸರಿಯಾಗಿಯೇ ಇತ್ತು. ಬೇಲೂರಿನ ಗರ್ಭಗುಡಿಯ ಮೇಲೆ ಇಟ್ಟಿಗೆ ಗಾರೆಗಳಲ್ಲಿ ಕಟ್ಟಿ, ಮರದ ಆಧಾರ ಕೊಟ್ಟು, ಚಿನ್ನದ ಮುಲಾಮಿನ ತಾಮ್ರದ ತಗಡು ಹೊದಿಸಿದ್ದ ಶಿಖರವೊಂದಿತ್ತು. ಅದರ ಭಾರಕ್ಕೆ ಒಳಗಿನ ಗುಡಿಯೇ ಜಖಂಗೊಳ್ಳುವ ಹಾಗಾದಾಗ 1879ರಲ್ಲಿ ಅದನ್ನು ಬಿಚ್ಚಿ ಇಳಿಸಿದರು. ಅಲ್ಲಿಂದ ಈಚೆಗೆ ಹುಟ್ಟಿದ ನಮಗೆಲ್ಲ ಚಪ್ಪಟೆ ಮಾಳಿಗೆಯ ಬೇಲೂರೇ ಬೇಲೂರು. ಪಠ್ಯಪುಸ್ತಕದ ಚಿತ್ರ, ಕ್ಯಾಲೆಂಡರು, ಪ್ರವಾಸದ ಫಲಕ ಎಲ್ಲವೂ ಅದನ್ನೇ ‘ಹೊಯ್ಸಳ ಶೈಲಿ’ ಎಂದು ನಮ್ಮ ಕಣ್ಣಿಗೆ ರೂಢಿ ಮಾಡಿಸಿವೆ. ಒಂದು ದುರಸ್ತಿಯ ನಿರ್ಧಾರ ನೂರೈವತ್ತು ವರ್ಷ ತುಂಬುವುದರೊಳಗೆ ಶೈಲಿಯ ಲಕ್ಷಣವಾಗಿಬಿಟ್ಟಿತು.

ರಾಷ್ಟ್ರೀಯ ಸ್ಮಾರಕದ ಅರ್ಥ ಕಾಲಕಾಲಕ್ಕೆ ಬದಲಾಗುತ್ತದೆ ಎಂದು ಇತಿಹಾಸ ಬಲ್ಲವರು ಹೇಳುವಾಗ ಅದು ಬಹಳ ಅಮೂರ್ತವಾದ ಮಾತಿನಂತೆ ಕೇಳಿಸುತ್ತದೆ. ಅದು ಅಷ್ಟು ಅಮೂರ್ತವಲ್ಲ. ಯಾರೋ ಒಬ್ಬರು ಹೆಸರು ಬದಲಿಸುತ್ತಾರೆ, ಇನ್ನೊಬ್ಬರು ಬಾಗಿಲು ಕಟ್ಟುತ್ತಾರೆ, ಮತ್ತೊಬ್ಬರು ಫಲಕ ನೆಡುತ್ತಾರೆ. ಅರ್ಥ ಬದಲಾಗುವುದು ಇಂಥ ಕೆಲಸಗಳಿಂದ. ತಾನಾಗಿಯೇ ಅದು ಬದಲಾಗುವುದಿಲ್ಲ. ಹಾಸನ ಜಿಲ್ಲೆಯಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರು ಅಂತರದಲ್ಲಿರುವ ಬೇಲೂರು ಮತ್ತು ಹಳೇಬೀಡುಗಳಲ್ಲಿ ಈ ಕೆಲಸಗಳ ಗುರುತುಗಳು ಕಲ್ಲಿನ ಮೇಲೆಯೇ ಉಳಿದಿರುವುದರಿಂದ ಅವನ್ನೇ ಹಿಡಿದು ವಿವರಿಸುತ್ತೇನೆ.

ಮೊದಲು ‘ಸ್ಮಾರಕ’ ಎಂಬ ಪದವನ್ನೇ ನೋಡೋಣ. ಸ್ಮರಣೆಗೆಂದು ಮಾಡಿದ್ದು ಸ್ಮಾರಕ. ಹಾಗಿದ್ದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಸ್ಮಾರಕವೇ? 1121ರ ಸುಮಾರಿಗೆ ಹೊಯ್ಸಳ ಅರಸ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ ಆರಂಭವಾದ ಆ ಜೋಡಿ ಗುಡಿಯನ್ನು ಯಾರ ನೆನಪಿಗೂ ಕಟ್ಟಲಿಲ್ಲ. ದಿನನಿತ್ಯದ ಪೂಜೆಗೆ, ರಾಜಧಾನಿಯ ಪ್ರತಿಷ್ಠೆಗೆ, ಕಟ್ಟಿಸಿದವರ ಪುಣ್ಯಕ್ಕೆ ಕಟ್ಟಿದರು. ಅದೇ ದೇವಾಲಯದ ದಕ್ಷಿಣಕ್ಕೆ ಒಂದು ಗರುಡಗಂಬ ನಿಂತಿದೆ. ಬಸ್ಸಿನಿಂದ ಇಳಿದ ಶಾಲಾಮಕ್ಕಳ ಸಾಲು ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ನಿಂತು ನೋಡುವವರು ಕಡಿಮೆ. ಬಗ್ಗಿ ನೋಡಿದರೆ ಕಂಬದ ಮೇಲೆ ಪುಟ್ಟ ಪುಟ್ಟ ಗಂಡಾಳುಗಳ ಕೆತ್ತನೆ ಕಾಣುತ್ತದೆ, ಅವರು ಕತ್ತಿ ಹಿರಿದು ತಮ್ಮ ತಲೆಯನ್ನೇ ತಾವು ಅರಿದುಕೊಳ್ಳುತ್ತಿದ್ದಾರೆ. 1220ರಲ್ಲಿ ಎರಡನೆಯ ಬಲ್ಲಾಳ ತೀರಿಕೊಂಡಾಗ, ಒಡೆಯನೊಡನೆ ಸಾಯುವ ವ್ರತ ತೊಟ್ಟಿದ್ದ ಕುವರ ಲಕ್ಷ್ಮ ಎಂಬ ದಂಡನಾಯಕ ತನ್ನ ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ಗರುಡ ಪಡೆಯೊಡನೆ ಪ್ರಾಣ ಕೊಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ.

ನಿಜವಾದ ಅರ್ಥದಲ್ಲಿ ಸ್ಮಾರಕವೆಂದರೆ ಆ ಕಂಬ. ನೆನಪಿಗೆಂದೇ ನಿಲ್ಲಿಸಿದ್ದು ಅದು, ಮತ್ತು ನಾವು ಮರೆತಿರುವುದೂ ಅದನ್ನೇ. ನೆನಪಿಗೆಂದು ಕಟ್ಟದ ಗುಡಿಯನ್ನು ದೇಶವೆಲ್ಲ ಸ್ಮಾರಕವೆಂದು ಬಂದು ನೋಡುತ್ತದೆ. ಈ ಅದಲುಬದಲಿಗೆ ಕಾರಣವಿದೆ. ಕುವರ ಲಕ್ಷ್ಮನ ಸಾವಿಗೆ ಅರ್ಥ ಬರಬೇಕಾದರೆ ಒಡೆಯನಿಗಾಗಿ ತಲೆ ಕೊಡುವುದು ಹಿರಿಮೆ ಎಂದು ನಂಬುವ ಸಮಾಜ ಇರಬೇಕು. ಆ ಸಮಾಜ ಹೋಯಿತು, ಅದರೊಂದಿಗೆ ಕಂಬದ ಅರ್ಥವೂ ಹೋಯಿತು. ಈಗ ಅದನ್ನು ಓದಿ ಹೇಳಿದರೆ ಕೇಳುವವರಿಗೆ ಗೌರವಕ್ಕಿಂತ ಮೊದಲು ಮೈ ಜುಮ್ಮೆನ್ನುತ್ತದೆ. ಗುಡಿಯ ಗೋಡೆಯ ಮೇಲಿನ ಆನೆ, ಹಂಸ, ಮಕರಗಳ ಸಾಲಿಗಾದರೋ ನಂಬಿಕೆ ಬೇಕಿಲ್ಲ, ಕಣ್ಣಿದ್ದರೆ ಸಾಕು. ಆದ್ದರಿಂದ ಅದು ಯುಗದಿಂದ ಯುಗಕ್ಕೆ ದಾಟಿಬಂತು.

ಇನ್ನು ಬೇಲೂರಿಗೆ ಬರೋಣ. 1117ರಲ್ಲಿ ವಿಷ್ಣುವರ್ಧನ ಇಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದಾಗ ಶಾಸನದಲ್ಲಿ ಬಂದ ಹೆಸರುಗಳಲ್ಲಿ ಒಂದು ವಿಜಯನಾರಾಯಣ. ಅದಕ್ಕೆ ಸ್ವಲ್ಪವೇ ಮುಂಚೆ ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ. ದೇವಾಲಯದ ಪೂರ್ವದ ಬಾಗಿಲ ಬಳಿಯ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿಯಲ್ಲಿ, ರಾಜನ ಒಡ್ಡೋಲಗವನ್ನೇ ಕೆತ್ತಿದ್ದಾರೆ. ಒಳಗೆ ಹೋಗುವ ಭಕ್ತ ದೇವರಿಗಿಂತ ಮೊದಲು ಅರಸನನ್ನು ಕಾಣುತ್ತಾನೆ. ಹೀಗಾಗಿ ಈ ಗುಡಿ ವಿಜಯದ ಘೋಷಣೆ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಅರಸನ ಭಕ್ತಿಯ ಕಾಣಿಕೆ ಎಂದು ಸಂಪ್ರದಾಯ ಹೇಳುತ್ತದೆ. ಅರಸನ ಪಟ್ಟದರಸಿ ಶಾಂತಲೆ ಇದೇ ಆವರಣದ ಕಪ್ಪೆಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು, ಅದೇ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ‘ಮತ ಬದಲಿಸಿದ ಅರಸನ ಗುಡಿ’ ಎಂಬ ಒಂದೇ ಸಾಲಿನ ವಿವರಣೆ ಈ ದಂಪತಿಯ ಎದುರು ನಿಲ್ಲುವುದಿಲ್ಲ. ಅಂದರೆ ಅರ್ಥದ ಬಗೆಗಿನ ಭಿನ್ನಾಭಿಪ್ರಾಯ ಈಚಿನದಲ್ಲ, ಪ್ರತಿಷ್ಠೆಯ ದಿನವೇ ಈ ಕಟ್ಟಡಕ್ಕೆ ಎರಡು ಮೂರು ಅರ್ಥಗಳಿದ್ದವು.

ಹುಲಿಯನ್ನು ಇರಿದ ಸಳನ ಕಥೆಯೂ ಮೊದಲು ಕಾಣಿಸಿಕೊಳ್ಳುವುದು ಇದೇ ಬೇಲೂರಿನ 1117ರ ಶಾಸನದಲ್ಲಿ. ಗುರುಗಳು ‘ಹೊಯ್ ಸಳ’ ಎಂದರು, ಸಳ ಹೊಯ್ದ, ವಂಶಕ್ಕೆ ಹೆಸರು ಬಂತು ಎಂದು ನಾವೆಲ್ಲ ನಾಲ್ಕನೇ ಕ್ಲಾಸಿನಲ್ಲೇ ಕಲಿತಿದ್ದೇವೆ. ಘಟನೆ ನಡೆಯಿತೆಂದು ಹೇಳುವ ಸೊಸೆವೂರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಮಲೆನಾಡಿನ ಒಂದು ಸಣ್ಣ ಮನೆತನ ದೊಡ್ಡ ರಾಜ್ಯವಾಗಿ ಬೆಳೆದ ಹೊತ್ತಿನಲ್ಲೇ ಅದರ ಮೂಲದ ಕಥೆ ಕಲ್ಲಿಗೆ ಏರಿತು ಎಂಬುದು ಗಮನಿಸಬೇಕಾದ ಸಂಗತಿ. ಚೋಳರ ಲಾಂಛನ ಹುಲಿ, ಆದ್ದರಿಂದ ಸಳ ಇರಿಯುವ ಪ್ರಾಣಿಯಲ್ಲಿ ತಲಕಾಡಿನ ಗೆಲುವೇ ಅಡಗಿದೆ ಎಂಬ ಓದೂ ಇದೆ.

ಅರ್ಥ ಬದಲಾಗುವ ಕ್ಷಣವನ್ನು ಹೆಸರು ವಿಳಾಸ ಸಮೇತ ಹಿಡಿದುಕೊಡುವ ಕಟ್ಟಡವೊಂದು ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ಹೊಯ್ಸಳೇಶ್ವರದ ಗದ್ದಲದಿಂದ ನಡೆದು ಹೋಗುವಷ್ಟೇ ದೂರ, ಆದರೆ ಅಲ್ಲಿಗೆ ಬರುವವರು ನೂರಕ್ಕೆ ಹತ್ತು ಮಂದಿಯೂ ಇರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಇಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ತಂದೆಯ ಬಿರುದನ್ನೇ ಇಟ್ಟು ಅದನ್ನು ದ್ರೋಹಘರಟ್ಟ ಜಿನಾಲಯ ಎಂದರು. ಪ್ರತಿಷ್ಠೆ ಮುಗಿದ ಮೇಲೆ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಕೊಂಡೊಯ್ದರು. ಆಗತಾನೆ ಅರಸ ಮಸಣನೆಂಬ ಶತ್ರುವನ್ನು ಗೆದ್ದಿದ್ದ, ಅವನಿಗೆ ಗಂಡುಮಗುವೂ ಹುಟ್ಟಿತ್ತು. ಗೆಲುವೂ ಮಗನೂ ಪ್ರಸಾದವೂ ಒಟ್ಟಿಗೆ ಬಂದ ಸಂತೋಷದಲ್ಲಿ ಅವನು ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಮಗನೊಬ್ಬ ಸತ್ತ ತಂದೆಗಾಗಿ ಕಟ್ಟಿದ ಬಸದಿ ಅರಸನ ಒಂದು ಮಾತಿಗೆ ವಿಜಯದ ಗುರುತಾಯಿತು. ಇದರಲ್ಲಿ ಬಲಾತ್ಕಾರವೇನೂ ಇರಲಿಲ್ಲ, ಬೊಪ್ಪನಿಗೆ ಅದು ಗೌರವವೇ ಆಗಿದ್ದಿರಬೇಕು. ಆದರೂ ತಂದೆಯ ನೆನಪು ಎರಡನೆಯ ಸಾಲಿಗೆ ಸರಿಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಐನೂರು ವರ್ಷದ ನಂತರ, 1638ರಲ್ಲಿ, ಬೇಲೂರಿನ ನಾಯಕರ ಆಳ್ವಿಕೆಯಲ್ಲಿ, ಹುಚ್ಚಪ್ಪದೇವ ಎಂಬ ವೀರಶೈವರು ಇದೇ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪ ಎಂಬ ಜೈನರು ಅದನ್ನು ಅಳಿಸಿದರು. ಜಗಳ ದೊಡ್ಡದಾಗಿ ಎರಡೂ ಕಡೆಯ ಹಿರಿಯರು ಕುಳಿತು ಒಂದು ತೀರ್ಮಾನಕ್ಕೆ ಬಂದರು: ಬಸದಿಯಲ್ಲಿ ಮೊದಲು ವಿಭೂತಿ ವೀಳ್ಯ ಸಲ್ಲಿಸಬೇಕು, ಆಮೇಲೆ ಜೈನರು ತಮ್ಮ ಪದ್ಧತಿಯಂತೆ ತಮ್ಮ ದೇವರ ಪೂಜೆ ನಡೆಸಿಕೊಳ್ಳಬಹುದು. ಆ ಒಪ್ಪಂದವನ್ನೂ ಶಾಸನವಾಗಿ ಬರೆಸಿದರು. ಇದನ್ನು ಸೌಹಾರ್ದದ ಮಾದರಿ ಎಂದು ಹೊಗಳುವವರಿದ್ದಾರೆ, ಬಲಹೀನರ ಮೇಲೆ ಹೇರಿದ ಷರತ್ತು ಎಂದು ನೊಂದುಕೊಳ್ಳುವವರೂ ಇದ್ದಾರೆ. ನನಗೆ ಎರಡೂ ನಿಜವೆಂದೇ ತೋರುತ್ತದೆ. ತಮ್ಮ ದೇವರ ಪೂಜೆಗೆ ಮುನ್ನ ಇನ್ನೊಂದು ಮತದ ಮರ್ಯಾದೆ ಸಲ್ಲಿಸಬೇಕಾದವರ ಮನಸ್ಸಿಗೆ ನೋವಾಗದೆ ಇರುವುದಿಲ್ಲ. ಆದರೆ ಬಸದಿ ಬಸದಿಯಾಗಿಯೇ ಉಳಿದದ್ದೂ ಆ ತೀರ್ಮಾನದಿಂದಲೇ. ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಜೈನರಿಗೂ ವೈಷ್ಣವರಿಗೂ ನಡುವಿನ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿದ 1368ರ ಶಾಸನ ಹೆಚ್ಚು ಪ್ರಸಿದ್ಧ. ಬಸ್ತಿಹಳ್ಳಿಯ ಈ ಶಾಸನವೂ ಅಷ್ಟೇ ಪ್ರಸಿದ್ಧವಾಗಬೇಕಿತ್ತು.

ಯುದ್ಧಗಳು ತಂದ ಬದಲಾವಣೆ ಬೇರೆ ಬಗೆಯದು. 1311ರಲ್ಲಿ ಮಲಿಕ್ ಕಾಫರನ ದಂಡು, ಆ ಬಳಿಕ ಮಹಮ್ಮದ್ ಬಿನ್ ತುಘಲಕನ ದಂಡು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಮೇಲೆ ಬಂದವು. ಹೊಯ್ಸಳರ ಆಳ್ವಿಕೆ ಮುಗಿದ ಮೇಲೆ ದೋರಸಮುದ್ರ ಎಂಬ ಹೆಸರು ಜನರ ಬಾಯಿಂದ ಕಳಚಿ ಬಿತ್ತು, ಹಳೇಬೀಡು ಉಳಿಯಿತು. ಬೀಡು ಎಂದರೆ ಅರಸನ ನೆಲೆ; ಹಳೇಬೀಡು ಎಂದರೆ ಹಿಂದೊಮ್ಮೆ ಅರಸನಿದ್ದ, ಈಗ ಇಲ್ಲದ ನೆಲೆ. ಇಡೀ ಊರಿನ ಹೆಸರೇ ಒಂದು ಸ್ಮಾರಕಫಲಕದಂತೆ ಕೆಲಸ ಮಾಡುತ್ತಿದೆ. ಬೇಲೂರಿನ ದಾರಿ ಬೇರೆಯಾಯಿತು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ನಾವು ಇಂದು ಬೇಲೂರಿನಲ್ಲಿ ಚಪ್ಪಲಿ ಬಿಟ್ಟು ತಲೆಯೆತ್ತಿ ಮೊದಲು ನೋಡುವ ಆ ಗೋಪುರ ಹೊಯ್ಸಳರದಲ್ಲ. ಒಳಗಿನ ಗುಡಿ ಬಳಪದ ಕಲ್ಲಿನದು, ಆಗತಾನೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಜಾತಿ. ಹೊರಗಿನ ಗೋಪುರದ ಮೇಲ್ಭಾಗ ಇಟ್ಟಿಗೆ ಗಾರೆಯದು. ಹೊಯ್ಸಳರ ವಿಜಯನಾರಾಯಣನನ್ನು ವಿಜಯನಗರದವರು ತಮ್ಮವನನ್ನಾಗಿ ಮಾಡಿಕೊಂಡ ಗುರುತು ಅದು. ಪೂಜೆ ನಡೆಯುತ್ತಿದ್ದುದರಿಂದ ದುರಸ್ತಿ ನಡೆಯಿತು, ದುರಸ್ತಿ ನಡೆದದ್ದರಿಂದ ಪೂಜೆ ಉಳಿಯಿತು.

ಈವರೆಗೆ ಹೇಳಿದ್ದೆಲ್ಲ ಕಟ್ಟಿಸಿದವರ, ಗೆದ್ದವರ, ಆಳಿದವರ ಅರ್ಥಗಳು. ಪ್ರಾಕಾರದ ಗೋಡೆಯ ಹೊರಗೆ ನಿಂತವರಿಗೆ ಇದೇ ಗುಡಿ ಏನಾಗಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಶಾಸನತಜ್ಞ ಬಿ. ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬೇಲೂರಿನ ಒಂದು ನಂಬಿಕೆಯನ್ನು ದಾಖಲಿಸಿದ್ದಾರೆ. ಬೇಲೂರಿನ ಚೆನ್ನಿಗರಾಯ, ಅಂದರೆ ಚೆನ್ನಕೇಶವ, ಆಗಾಗ ಬಾಬಾಬುಡನ್‌ಗಿರಿಯಲ್ಲಿರುವ ತನ್ನ ದೇವಿಯನ್ನು ಕಾಣಲು ನಡೆದುಹೋಗುತ್ತಾನೆ. ಅದಕ್ಕೆಂದೇ ಗುಡಿಯಲ್ಲಿ ಒಂದು ಜೊತೆ ದೊಡ್ಡ ಕೆರ ಇರುತ್ತದೆ. ಅದು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಜೊತೆ ಹೊಲಿದು ತಂದೊಪ್ಪಿಸುತ್ತಾರೆ, ಹಾಗೆ ಒಪ್ಪಿಸಲು ಬಂದಾಗ ಅವರಿಗೆ ಗುಡಿಯ ಅಂಗಳಕ್ಕೆ ಪ್ರವೇಶ ಉಂಟು.

ಈ ಕಥೆಯನ್ನು ಮೊದಲು ಓದಿದಾಗ ನನಗೆ ದೇವರು ಬೆಟ್ಟ ಹತ್ತುವ ಚಿತ್ರವೇ ಮುಂದೆ ನಿಂತಿತ್ತು, ಹಾಸನದ ದೇವರು ಚಿಕ್ಕಮಗಳೂರಿನ ಬೆಟ್ಟಕ್ಕೆ ನಡೆಯುವುದು ಚೆಂದವೆನಿಸಿತ್ತು. ಮತ್ತೆ ಓದಿದಾಗ ಕೊನೆಯ ವಾಕ್ಯ ಕಣ್ಣಿಗೆ ಬಿತ್ತು. ಅಂಗಳದೊಳಕ್ಕೆ ಬರಲು ದೇವರ ಕೆರ ಸವೆಯಬೇಕಿತ್ತು, ಕನಸು ಬೀಳಬೇಕಿತ್ತು. ಆ ಕುಶಲಕರ್ಮಿಗಳಿಗೆ ಚೆನ್ನಿಗರಾಯ ಅರಸನ ವಿಜಯವೂ ಅಲ್ಲ, ಶಿಲ್ಪದ ಅದ್ಭುತವೂ ಅಲ್ಲ. ತಮ್ಮ ಕೈಯ ಕೆಲಸವನ್ನು ಕನಸಿನಲ್ಲಿ ಬಂದು ಕೇಳುವ ದೇವರು, ಮತ್ತು ಉಳಿದ ದಿನಗಳಲ್ಲಿ ಗೋಡೆಯಾಚೆ ಇರುವ ದೇವರು. ಅಸ್ಪೃಶ್ಯತೆಯನ್ನು ನಿಷೇಧಿಸಿದ, ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆಯುವ ಕಾನೂನಿಗೆ ಹಾದಿ ಮಾಡಿದ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಬೇಲೂರಿನ ಒಂದು ಕಲ್ಲೂ ಅಲುಗಲಿಲ್ಲ. ಆದರೆ 1117ರಿಂದ ಈಚೆಗೆ ಆ ಗುಡಿಯ ಅರ್ಥ ಅಷ್ಟು ಆಳವಾಗಿ ಬದಲಾದದ್ದು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ರೈಸರ ಕಾಲದಲ್ಲೇ ಇನ್ನೊಂದು ಬದಲಾವಣೆಯೂ ಆರಂಭವಾಗಿತ್ತು. 1850ರ ದಶಕದಲ್ಲಿ ಹಳೇಬೀಡಿಗೆ ಕ್ಯಾಮೆರಾ ಬಂತು. ಜೇಮ್ಸ್ ಫರ್ಗುಸನ್ 1876ರ ತಮ್ಮ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿನ ಎದುರು ನಿಲ್ಲಿಸಿ, ಕಟ್ಟಡಕಲೆಯ ಎರಡು ತುದಿಗಳು ಇವು ಎಂಬಂತೆ ಹೋಲಿಸಿದರು. ಮೈಸೂರು ಸಂಸ್ಥಾನ 1885ರಲ್ಲಿ ಪ್ರಾಚ್ಯವಸ್ತು ಇಲಾಖೆಯನ್ನು ಸ್ಥಾಪಿಸಿತು, ರೈಸ್ ಸಂಪಾದಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲಿ ಹೊರಬಂತು. ಪೂಜೆಯ ಸ್ಥಳ ಈಗ ಓದುವ ಸ್ಥಳವೂ ಆಯಿತು, ನೋಡುವ ಸ್ಥಳವೂ ಆಯಿತು. ‘ಬೇಲೂರನ್ನು ಒಳಗೆ ನೋಡು, ಹಳೇಬೀಡನ್ನು ಹೊರಗೆ ನೋಡು’ ಎಂಬ ನಮ್ಮ ಕಡೆಯ ಮಾತನ್ನು ಗಮನಿಸಿ. ಅಲ್ಲಿರುವ ಕ್ರಿಯಾಪದ ‘ನೋಡು’. ಸೇವೆ ಮಾಡಿಸು, ಹರಕೆ ಒಪ್ಪಿಸು, ಕೈ ಮುಗಿ ಎಂಬ ಕ್ರಿಯಾಪದಗಳ ಜಾಗಕ್ಕೆ ಅದು ಬಂದು ಕುಳಿತಿದೆ.

ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯ ಇದಕ್ಕೆ ಮತ್ತೊಂದು ಪದರ ಸೇರಿಸಿತು. ಡಿ. ವಿ. ಗುಂಡಪ್ಪನವರು ಬೇಲೂರಿನ ಮದನಿಕೆಯರನ್ನು ಕುರಿತು ‘ಅಂತಃಪುರಗೀತೆ’ಯ ಹಾಡುಗಳನ್ನು ಬರೆದರು. ಮಾಡಿನ ಕೆಳಗೆ ಓರೆಯಾಗಿ ನಿಂತ ಆ ಕಲ್ಲಿನ ಹೆಂಗಸರು ಹಾಡಿನಲ್ಲಿ ದೇವರ ಸಖಿಯರಾದರು. ಕರ್ನಾಟಕದ ಏಕೀಕರಣದ ಹಂಬಲವಿದ್ದ ಆ ದಿನಗಳಲ್ಲಿ ಹೊಯ್ಸಳರು ಒಂದು ಮನೆತನವಾಗಿ ಉಳಿಯದೆ ಕನ್ನಡದ ಹಿರಿಮೆಯಾದರು. ಜಕಣಾಚಾರಿಯ ಕಥೆಯ ಹಬ್ಬುವಿಕೆಯೂ ಇಂಥದ್ದೇ. ಕಲ್ಲಿನ ಹೊಟ್ಟೆಯಲ್ಲಿ ಕಪ್ಪೆ ಇದೆಯೆಂದು ಮಗ ತೋರಿಸಿದ್ದು, ತಂದೆ ತನ್ನ ಬಲಗೈಯನ್ನು ಕತ್ತರಿಸಿಕೊಂಡದ್ದು, ಕೈದಾಳದಲ್ಲಿ ಅದು ಮರಳಿ ಬಂದದ್ದು ಹಾಸನದ ಪ್ರತಿ ಮನೆಗೂ ಗೊತ್ತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನದೇ. ಬೇಲೂರಿನ ಕಲ್ಲಿನ ಮೇಲೆ ಕೆತ್ತಿರುವ ಹೆಸರುಗಳು ಮಾತ್ರ ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪದ ಕೆಳಗೆ ತಮ್ಮ ಹೆಸರು, ಊರು, ಬಿರುದುಗಳನ್ನು ತಾವೇ ಬರೆದುಕೊಂಡಿದ್ದಾರೆ. ಕಥೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಮಗನ ಮುಂದೆ ಸೋತ ತಂದೆಯ ಕಥೆ ಎಂದಿಗೂ ಬೇಕು. ಆದರೆ ಒಬ್ಬನೇ ಮಹಾಪುರುಷ ಎಲ್ಲವನ್ನೂ ಕೆತ್ತಿದ ಎಂಬ ಕಲ್ಪನೆ, ಊರೂರಿಂದ ಬಂದು ಕೂಲಿಗೆ ಪೈಪೋಟಿಗೆ ದುಡಿದ ನೂರಾರು ಕೈಗಳನ್ನು ಮರೆಮಾಡಿಬಿಡುತ್ತದೆ, ಮತ್ತು ಆ ಕೈಗಳಲ್ಲಿ ಕೆಲವಾದರೂ ಮರೆಯಬೇಡಿ ಎಂದೇ ಸಹಿ ಹಾಕಿದ್ದವು.

ಈಗ ಕಾನೂನಿನ ಅರ್ಥಕ್ಕೆ ಬರೋಣ, ಏಕೆಂದರೆ ‘ರಾಷ್ಟ್ರೀಯ’ ಎಂಬ ವಿಶೇಷಣ ಬಂದದ್ದು ಅಲ್ಲಿಂದ. ಬ್ರಿಟಿಷ್ ಭಾರತದಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ 1904ರಲ್ಲಿ ಬಂದಿತ್ತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ಸೇರಿಕೊಂಡಾಗ ಆಗಿನ ಮೈಸೂರು ರಾಜ್ಯವೂ ಸೇರಿದಂತೆ ಅವುಗಳಲ್ಲಿದ್ದ ಅನೇಕ ಕಟ್ಟಡಗಳನ್ನು 1951ರ ಕಾಯ್ದೆ ‘ರಾಷ್ಟ್ರೀಯ ಮಹತ್ವ’ದವೆಂದು ಘೋಷಿಸಿತು; 1958ರ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕನಿಷ್ಠ ನೂರು ವರ್ಷದ ವಯಸ್ಸಾಗಿರಬೇಕು, ರಾಷ್ಟ್ರೀಯ ಮಹತ್ವ ಇದೆಯೆಂದು ಕೇಂದ್ರ ಸರ್ಕಾರಕ್ಕೆ ತೋರಬೇಕು. ಗೇಟಿನ ಬಳಿಯ ನೀಲಿ ಫಲಕ ಅದರ ಗುರುತು: ಕಟ್ಟಡವನ್ನು ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ದೋರಸಮುದ್ರದ ಅರಸರ ಗುಡಿ ಹೀಗೆ ಕಾಶ್ಮೀರದವರಿಗೂ ಕೇರಳದವರಿಗೂ ಸೇರಿದ್ದಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಗೊಂದಲಪಡುವುದು ಇಲ್ಲಿಯೇ. ಸಂರಕ್ಷಣೆಗೆ ಒಳಪಡುವ ಹೊತ್ತಿಗೆ ಪೂಜೆ ನಡೆಯುತ್ತಿದ್ದರೆ ಅದು ಮುಂದುವರಿಯುತ್ತದೆ, ನಿಂತುಹೋಗಿದ್ದರೆ ಪುರಾತತ್ವ ಇಲಾಖೆ ಹೊಸದಾಗಿ ಆರಂಭಿಸಲು ಬಿಡುವುದಿಲ್ಲ. ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಗ್ಗದ ಬಳಕೆಗೆ ಕೊಡಬಾರದೆಂದೂ ಕಾಯ್ದೆ ಹೇಳುತ್ತದೆ. ಬೇಲೂರಿನಲ್ಲಿ ಹೀಗೆ ಎರಡು ಆಡಳಿತಗಳು ಒಂದೇ ಮಾಡಿನ ಕೆಳಗಿವೆ. ಕಟ್ಟಡದ ರಕ್ಷಣೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಪೂಜೆ, ಹುಂಡಿ, ಉತ್ಸವ ರಾಜ್ಯದ ಮುಜರಾಯಿ ಇಲಾಖೆಯದು. ಒಂದು ಇಲಾಖೆಗೆ ಕಲ್ಲಿನ ಮೇಲೆ ಎಣ್ಣೆಯ ಜಿಡ್ಡು ಹಾನಿ, ಇನ್ನೊಂದಕ್ಕೆ ಎಣ್ಣೆಯ ದೀಪವಿಲ್ಲದೆ ಪೂಜೆಯಿಲ್ಲ. ಇಬ್ಬರೂ ತಮ್ಮ ಕರ್ತವ್ಯವನ್ನೇ ಮಾಡುತ್ತಿದ್ದಾರೆ.

2010ರ ತಿದ್ದುಪಡಿಯ ನಂತರ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನೊಳಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಬೇಲೂರಿನಲ್ಲಿ ದೇವಸ್ಥಾನಕ್ಕೆ ಹತ್ತಿರದ ಬೀದಿಯೊಂದರಲ್ಲಿ ನನ್ನ ಬಂಧುಗಳೊಬ್ಬರ ಹೆಂಚಿನ ಮನೆ ಇದೆ. ಮಳೆಗಾಲಕ್ಕೆ ಮೊದಲು ಅಡುಗೆಮನೆಯ ಗೋಡೆ ಬಿರುಕು ಬಿಟ್ಟಾಗ ಅವರು ಮೇಸ್ತ್ರಿಯನ್ನು ಕರೆಯುವ ಮುನ್ನ ಅರ್ಜಿ ಬರೆಯಬೇಕಾಯಿತು, ಏಕೆಂದರೆ ಹಳೆಯ ಮನೆಯ ದುರಸ್ತಿಗೂ ಒಪ್ಪಿಗೆ ಬೇಕು. ಒಪ್ಪಿಗೆ ಬರುವವರೆಗೆ ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಒಂದು ಮಳೆಗಾಲ ಕಳೆದರು. ‘ಚೆನ್ನಿಗರಾಯ ನಮ್ಮ ಮನೆದೇವರು ಕಣಪ್ಪ, ಈಗ ನಾವು ಅವನ ಗಡಿಯೊಳಗೆ ಬಂದುಬಿಟ್ಟಿದ್ದೀವಿ’ ಎಂದು ಆ ಮನೆಯ ಅಜ್ಜಿ ನನಗೆ ಹೇಳಿದರು. ನಿಯಮ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ಗೋಪುರದ ಪಕ್ಕದಲ್ಲೇ ನಾಲ್ಕು ಅಂತಸ್ತಿನ ಲಾಡ್ಜು ಎದ್ದಿರುತ್ತಿತ್ತು. ಆದರೆ ಗುಡಿಯ ಸುತ್ತ ತಲೆಮಾರುಗಳಿಂದ ಬದುಕಿದವರು ಸ್ಮಾರಕದ ಭಾಗವೋ ಅದಕ್ಕೆ ಅಪಾಯವೋ ಎಂಬ ಪ್ರಶ್ನೆಗೆ ಮೀಟರಿನ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರದ ದೇವಾಲಯಗಳು ಒಟ್ಟಾಗಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 2014ರಿಂದ ಅವು ತಾತ್ಕಾಲಿಕ ಪಟ್ಟಿಯಲ್ಲಿದ್ದವು. ಅಲ್ಲಿ ಕೊಟ್ಟಿರುವ ಹೆಸರು ಹೊಯ್ಸಳರ ಪವಿತ್ರ ಸಮುಚ್ಚಯಗಳು ಎಂಬ ಅರ್ಥದ್ದು. ಕಲೆ, ಇತಿಹಾಸ, ರಾಷ್ಟ್ರ ಎಂಬ ಪದರಗಳನ್ನೆಲ್ಲ ದಾಟಿ ಬಂದ ಮೇಲೆ ಜಗತ್ತಿನ ಪಟ್ಟಿಯಲ್ಲಿ ಇವಕ್ಕೆ ಮತ್ತೆ ‘ಪವಿತ್ರ’ ಎಂಬ ಪದ ಸೇರಿತು. ಮೊದಲ ಅರ್ಥ ಎಲ್ಲಿಯೂ ಹೋಗಿರಲಿಲ್ಲ.

ಪ್ರತಿ ಚೈತ್ರದಲ್ಲಿ ಚೆನ್ನಕೇಶವನ ತೇರು ನಡೆಯುವಾಗ ಇವೆಲ್ಲ ಅರ್ಥಗಳೂ ಒಂದೇ ಬೀದಿಗೆ ಬರುತ್ತವೆ. ತೇರಿನ ಸಂದರ್ಭದಲ್ಲಿ ಮೌಲ್ವಿಯೊಬ್ಬರು ಕುರಾನಿನ ಸಾಲುಗಳನ್ನು ಓದುವ ರೂಢಿ ಇಲ್ಲಿ ಇತ್ತು. 2022ರಲ್ಲಿ ಅದಕ್ಕೆ ಆಕ್ಷೇಪಣೆ ಬಂದಾಗ ಮುಜರಾಯಿ ಇಲಾಖೆ ರೂಢಿಯಂತೆ ನಡೆಸಲು ಒಪ್ಪಿತು, ಓದು ನಡೆಯಿತು, ತೇರೂ ಸಾಗಿತು. ಆ ವಾದವನ್ನು ಕೇಳುತ್ತ ನನಗೆ ಬಸ್ತಿಹಳ್ಳಿಯ 1638ರ ಶಾಸನವೇ ನೆನಪಾಗುತ್ತಿತ್ತು: ಯಾರ ಮರ್ಯಾದೆ ಮೊದಲು, ಯಾರದು ಆಮೇಲೆ, ಯಾರು ಎಲ್ಲಿ ನಿಲ್ಲಬೇಕು ಎಂಬ ಅದೇ ಮಾತುಗಳು, ಅದೇ ನೆಲದಲ್ಲಿ.

ತೇರಿನ ದಿನ ಬೆಳಿಗ್ಗೆ ನಾನು ಸಾಮಾನ್ಯವಾಗಿ ಬೇಲೂರಿನಲ್ಲಿರುತ್ತೇನೆ. ಉತ್ಸವಮೂರ್ತಿ ಗುಂಡ ದಂಡನಾಯಕನ ಗೋಪುರದ ಕೆಳಗೆ ಹಾದು, ನೀಲಿ ಫಲಕವನ್ನು ದಾಟಿ ಬೀದಿಗೆ ಬರುತ್ತದೆ. ಚಿಕ್ಕಮಗಳೂರು ಕಡೆಯ ತೋಟಗಳಿಂದ ಬಂದವರು, ಹಾಸನದ ಅಂಗಡಿಯವರು, ಟಾರ್ಪಾಲಿನ ಮನೆಯ ಅಜ್ಜಿ ಎಲ್ಲರೂ ಹಗ್ಗಕ್ಕೆ ಕೈ ಹಾಕುತ್ತಾರೆ, ತೇರಿನ ಕಳಸಕ್ಕೆ ಬಾಳೆಹಣ್ಣು ಎಸೆಯುತ್ತಾರೆ. ಕಳೆದ ಸಲ ತೇರು ಮುಂದೆ ಸರಿದ ಮೇಲೆ ನಾನು ಒಳಗೆ ಹೋದೆ. ಅಂಗಳದಲ್ಲಿ ಏಳೆಂಟು ಜನ ಇದ್ದರು. ಒಬ್ಬ ತಂದೆ 42 ಅಡಿಯ ದೀಪಸ್ತಂಭದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಂಬಕ್ಕೂ ಪೀಠಕ್ಕೂ ನಡುವಿನ ಸಂದಿನಲ್ಲಿ ಕಾಗದದ ಚೂರೊಂದನ್ನು ಮೆಲ್ಲಗೆ ತೂರಿಸಿ, ಆಚೆ ಕಡೆಯಿಂದ ಎಳೆದುಕೋ ಎಂದು ಮಗನಿಗೆ ಹೇಳುತ್ತಿದ್ದರು. ಹುಡುಗ ಎಳೆದ, ಕಾಗದ ಬಂತು. ಅವನು ಅದನ್ನು ಎತ್ತಿ ಹಿಡಿದು ತಲೆಯೆತ್ತಿ ಕಂಬದ ತುದಿಯನ್ನು ನೋಡಿದ, ಆಮೇಲೆ ಗುಡಿಯ ಚಪ್ಪಟೆ ಮಾಳಿಗೆಯನ್ನು ನೋಡಿ ‘ಅಪ್ಪ, ಇದರ ಮೇಲೆ ಗೋಪುರ ಯಾಕಿಲ್ಲ?’ ಎಂದು ಕೇಳಿದ. ನಾನು ಹತ್ತಿರ ಹೋಗಿ, ಇತ್ತು ಮಗು ಎಂದು ಹೇಳತೊಡಗಿದೆ.